ಮದುವೆಯಾಗದವನಿಗೆ ನಮ್ಮಲ್ಲಿ ಜಾಗ ಎಲ್ಲಿ?

2023ರ ಡಿಸೆಂಬರ್ 18ರಂದು ವ್ಯಾಟಿಕನ್ ಒಂದು ಪತ್ರ ಹೊರಡಿಸಿತು. ಎರಡೇ ದಿನದಲ್ಲಿ ಅದರ ಸುದ್ದಿ ನಮ್ಮ ಮಂಗಲ್ಪಾಡಿಯ ವಾಟ್ಸ್ಯಾಪ್ ಗುಂಪುಗಳಿಗೂ ಬಂತು. ಬರುವಾಗ ಅದಕ್ಕೆ "ಸಲಿಂಗಿಗಳ ಮದುವೆಗೆ ಪೋಪ್ ಒಪ್ಪಿಗೆ" ಎಂಬ ತಲೆಬರಹ ಅಂಟಿಕೊಂಡಿತ್ತು. ಕೆಳಗೆ ಸಾಲು ಸಾಲು ನಗುವ ಮುಖಗಳು. ಕಿಯಾಮತ್ ಹತ್ತಿರ ಬಂತು ಎಂದು ಒಬ್ಬರು, ನಮ್ಮಲ್ಲಿ ಇಂಥದ್ದೆಲ್ಲ ಇಲ್ಲ, ಅಲ್‌ಹಂದುಲಿಲ್ಲಾಹ್ ಎಂದು ಇನ್ನೊಬ್ಬರು.

ನಮ್ಮಲ್ಲಿ ಇಲ್ಲ ಎಂಬ ಮಾತು ನಿಜವೋ ಅಲ್ಲವೋ ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ತಲೆಬರಹದ ಸಂಗತಿ.

ನಮ್ಮದು ಒಂದೇ ಅಂಗಡಿಯಲ್ಲಿ ಐದಾರು ಬಾಸೆ ಕೇಳುವ ಊರು. ಬ್ಯಾರಿ, ತುಳು, ಕನ್ನಡ, ಮಲಯಾಳ, ಕೊಂಕಣಿ, ಉಪ್ಪಳದ ಹನಫಿ ಮನೆಗಳ ಉರ್ದು. ಮಂಜೇಶ್ವರ, ಕಯ್ಯಾರು, ಬೇಳದ ಚರ್ಚುಗಳು ಕೇರಳದಲ್ಲಿದ್ದರೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವು. ಕ್ರಿಸ್ಮಸ್‌ಗೆ ಕುಸ್ವಾರ್ ನಮ್ಮ ಮನೆಗೆ ಬರುತ್ತದೆ, ಪೆರ್ನಾಲಿಗೆ ಬಿರಿಯಾನಿ ಅವರ ಮನೆಗೆ ಹೋಗುತ್ತದೆ. ತಿಂಡಿಯ ಲೆಕ್ಕದಲ್ಲಿ ನಾವು ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲೆವು. ನಂಬಿಕೆಯ ಲೆಕ್ಕದಲ್ಲಿ, ಅದರಲ್ಲೂ ಇಂಥ ಕಷ್ಟದ ವಿಷಯದಲ್ಲಿ, ಅವರು ಏನು ನಂಬುತ್ತಾರೆ ಎಂದು ನಾವು ಕೇಳುವುದೂ ಇಲ್ಲ, ಅವರು ಹೇಳುವುದೂ ಇಲ್ಲ.

ಆ ವರ್ಷ ಕ್ರಿಸ್ಮಸ್ ಕಳೆದು ಮೂರನೆಯ ದಿನ ನಾವು ನಾಲ್ವರು ಒಬ್ಬ ಗೆಳೆಯನ ಮನೆಯಲ್ಲಿ ಸೇರಿದ್ದೆವು. ಮನೆಯವನು ಕೊಂಕಣಿ ಕ್ಯಾಥೊಲಿಕ್. ಇನ್ನೊಬ್ಬ ಮಂಗಳೂರಿನ ಸಿಎಸ್‌ಐ ಸಭೆಯವನು, ಅಜ್ಜನ ಕಾಲದಿಂದ ಬಾಸೆಲ್ ಮಿಶನ್ ಕುಟುಂಬ. ಇವರಿಬ್ಬರೂ ನನ್ನ ಜೊತೆ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವರು. ನಾಲ್ಕನೆಯವನು ವೆಳ್ಳರಿಕುಂಡ್ ಕಡೆಯ ಮಲಯಾಳಿ, ಪೆಂತೆಕೊಸ್ತ್ ಸಭೆಯವನು. ನಾನು ಮತ್ತು ಅವನು ಒಂದೇ ವರ್ಕ್‌ಶಾಪ್‌ನಲ್ಲಿ ಎರಡು ವರ್ಷ ದುಡಿದಿದ್ದೇವೆ. ಮೂವರೂ ಕ್ರೈಸ್ತರು, ಮೂವರದೂ ಬೇರೆ ಬೇರೆ ಉತ್ತರ. ಇದನ್ನು ಬರೆಯಲು ಅವರ ಒಪ್ಪಿಗೆ ಇದೆ.

ತಲೆಬರಹ ತೋರಿಸಿದಾಗ ಮನೆಯವನು ನಕ್ಕ. "ಮದುವೆ ಅಲ್ಲ ಮಾರಾಯ, ಆಶೀರ್ವಾದ" ಎಂದ. ಪತ್ರದ ಹೆಸರು 'ಫಿದೂಚಿಯಾ ಸುಪ್ಲಿಕಾನ್ಸ್'. ಮದುವೆ ಎಂದರೆ ಗಂಡು ಹೆಣ್ಣಿನ ನಡುವಿನದ್ದು ಮಾತ್ರ, ಅದರಲ್ಲಿ ಬದಲಾವಣೆ ಇಲ್ಲ ಎಂದು ಅದು ಮೊದಲೇ ಹೇಳುತ್ತದೆ. ಆಮೇಲೆ, ಸಭೆಯ ನಿಯಮಕ್ಕೆ ಹೊಂದದ ಜೋಡಿಗಳು, ಸಲಿಂಗ ಜೋಡಿಗಳೂ ಸೇರಿ, ಪಾದ್ರಿಯ ಮುಂದೆ ಬಂದು ಬೇಡಿದರೆ ಒಂದು ಸಣ್ಣ ಪ್ರಾರ್ಥನೆ ಮಾಡಿ ಆಶೀರ್ವದಿಸಬಹುದು ಎನ್ನುತ್ತದೆ. ಅದು ಮದುವೆಯ ವಿಧಿಯಂತೆ ಕಾಣಬಾರದು, ಮದುವೆಯ ಬಟ್ಟೆ ತೊಟ್ಟು ಬರುವಂತಿಲ್ಲ. ಇಷ್ಟಕ್ಕೇ ಮುಂದಿನ ತಿಂಗಳು ಆಫ್ರಿಕಾದ ಬಿಷಪರು ನಮ್ಮಲ್ಲಿ ಇದು ನಡೆಯುವುದಿಲ್ಲ ಎಂದು ಒಟ್ಟಾಗಿ ಹೇಳಿಬಿಟ್ಟರು. ಪೋಪ್ ಹೇಳಿದರೆ ಎಲ್ಲರೂ ತಲೆಬಾಗುತ್ತಾರೆ ಎಂದು ನಾವು ಹೊರಗಿನವರು ಅಂದುಕೊಂಡಿರುತ್ತೇವೆ. ಹಾಗೇನೂ ಇಲ್ಲ.

ಹಾಗಾದರೆ ಪಾಪವೋ ಅಲ್ಲವೋ ಎಂದು ಕೇಳಿದೆ. ಅವನು ಸುತ್ತು ಬಳಸಲಿಲ್ಲ. ಕ್ಯಾಥೊಲಿಕರಿಗೆ 1992ರಲ್ಲಿ ಬಂದ ಧರ್ಮೋಪದೇಶದ ಪುಸ್ತಕ ಒಂದಿದೆ, ಕ್ಯಾಟೆಕಿಸಂ ಎನ್ನುತ್ತಾರೆ. ಅದರ 2357ರಿಂದ 2359ರವರೆಗಿನ ಮೂರು ಅಂಶಗಳಲ್ಲಿ ಈ ವಿಷಯ ಬರುತ್ತದೆ. ಕ್ರಿಯೆಯನ್ನು ಯಾವ ಸಂದರ್ಭದಲ್ಲೂ ಒಪ್ಪಲಾಗದು. ಒಲವು ಇರುವ ವ್ಯಕ್ತಿಯನ್ನು ಮಾತ್ರ ಗೌರವ, ಕರುಣೆ, ಸೂಕ್ಷ್ಮತೆಯಿಂದ ಸ್ವೀಕರಿಸಬೇಕು, ಅನ್ಯಾಯವಾದ ತಾರತಮ್ಯದ ಸುಳಿವೂ ಇರಬಾರದು. ಅಂಥವರಿಗಿರುವ ಕರೆ ಬ್ರಹ್ಮಚರ್ಯದ್ದು. ಒಲವು ಪಾಪವಲ್ಲ, ಕ್ರಿಯೆ ಪಾಪ ಎನ್ನುವುದು ಒಟ್ಟು ಲೆಕ್ಕ.

ಸಿಎಸ್‌ಐ ಗೆಳೆಯ ಇದನ್ನು ಪೂರ್ತಿ ಒಪ್ಪಲಿಲ್ಲ. ಅವನು ಹಿಡಿದದ್ದು ಸೊದೋಮಿನ ಕತೆಯನ್ನು, ನಮಗೆಲ್ಲ ಮದ್ರಸದಲ್ಲೇ ಗೊತ್ತಿರುವ ಲೂತ್ ನಬಿಯ ಊರಿನ ಕತೆ. ಬೈಬಲಿನಲ್ಲಿ ಅದು ಆದಿಕಾಂಡದ 19ನೆಯ ಅಧ್ಯಾಯ. "ಸೊದೋಮಿನ ಪಾಪ ಯಾವುದು ಅಂತ ಬೈಬಲೇ ಇನ್ನೊಂದು ಕಡೆ ಹೇಳ್ತದೆ, ಅದನ್ನು ಯಾರೂ ಓದುವುದಿಲ್ಲ" ಎಂದು ಯೆಹೆಜ್ಕೇಲನ ಗ್ರಂಥದ 16ನೆಯ ಅಧ್ಯಾಯ ತೆಗೆದ. ಅಲ್ಲಿ ಪಟ್ಟಿಯಲ್ಲಿ ಮೊದಲು ಬರುವುದು ಗರ್ವ, ಹೊಟ್ಟೆ ತುಂಬಿದ ಸೊಕ್ಕು, ಬಡವರಿಗೆ ಕೈ ನೀಡದಿರುವುದು. ನನಗೆ ಸೂರತುಲ್ ಅನ್ಕಬೂತ್ ನೆನಪಾಯಿತು. ಅಲ್ಲಿಯೂ ಲೂತ್ ನಬಿ ತನ್ನ ಜನರ ಮೇಲೆ ಹೊರಿಸುವ ಆಪಾದನೆಗಳಲ್ಲಿ ದಾರಿ ತಡೆಯುವುದೂ ಸೇರಿದೆ. ದಾರಿಹೋಕರನ್ನು ದೋಚುವುದು ಎಂದು ಅದಕ್ಕೆ ಅರ್ಥ ಹೇಳುತ್ತಾರೆ. ಆದರೆ ಅದರಿಂದ ಉಳಿದದ್ದು ಅಳಿಸಿಹೋಗುವುದಿಲ್ಲ ಎಂದೂ ಹೇಳಿದೆ. ಅವನೂ ಒಪ್ಪಿದ. ಪೌಲನು ರೋಮಾಪುರದವರಿಗೆ ಬರೆದ ಪತ್ರದ ಮೊದಲ ಅಧ್ಯಾಯ ನೇರವಾಗಿಯೇ ಇದೆ, ಅದನ್ನು ದಾಟುವುದು ಸುಲಭವಿಲ್ಲ ಎಂದ. ಸಿಎಸ್‌ಐ ಸೇರಿರುವ ಆಂಗ್ಲಿಕನ್ ಸಭೆಗಳ ಬಿಷಪರು 1998ರ ಲ್ಯಾಂಬೆತ್ ಸಮ್ಮೇಳನದಲ್ಲಿ ಇಂಥ ಕ್ರಿಯೆ ವೇದಕ್ಕೆ ಹೊಂದುವುದಿಲ್ಲ ಎಂದೇ ನಿರ್ಣಯ ಮಾಡಿದ್ದರು. ಅದೇ ನಿರ್ಣಯದಲ್ಲಿ ಈ ಜನರ ಮಾತನ್ನು ಕೇಳಬೇಕು ಎಂದೂ ಇತ್ತು. "ಮೊದಲನೆಯದ್ದು ಎಲ್ಲರಿಗೂ ನೆನಪುಂಟು, ಎರಡನೆಯದ್ದು ಯಾರಿಗೂ ಇಲ್ಲ" ಎಂದು ಅವನು ಹೇಳಿದಾಗ ನಾನು ನಮ್ಮ ವಾಟ್ಸ್ಯಾಪ್ ಗುಂಪನ್ನು ನೆನೆದೆ.

ಮಲಯಾಳಿ ಗೆಳೆಯ ಇಷ್ಟು ಹೊತ್ತು ಸುಮ್ಮನಿದ್ದವನು. ಅವನದು ಸರಳ ನಂಬಿಕೆ. ಇದು ಪಾಪ, ಆದರೆ ಬಿಡುಗಡೆ ಇದೆ, ಪ್ರಾರ್ಥನೆಯಿಂದ ಬದಲಾಗುತ್ತದೆ. ಯೇಸು ಈ ವಿಷಯ ನೇರವಾಗಿ ಮಾತಾಡಿಲ್ಲ ಎಂದು ಸಿಎಸ್‌ಐ ಗೆಳೆಯ ಹೇಳಿದ್ದಕ್ಕೆ, ಮತ್ತಾಯನ 19ನೆಯ ಅಧ್ಯಾಯದಲ್ಲಿ ದೇವರು ಗಂಡು ಹೆಣ್ಣಾಗಿ ಉಂಟುಮಾಡಿದ ಎಂದು ಯೇಸುವೇ ಹೇಳಿದ್ದು ಸಾಲದೇ ಎಂದ. ಸಿಟ್ಟಿನಿಂದ ಹೇಳಿದ್ದಲ್ಲ. ಅವನಿಗೆ ಯಾರ ಮೇಲೂ ಸಿಟ್ಟಿಲ್ಲ, ಅವನನ್ನು ಬಲ್ಲ ನಾನು ಇದನ್ನು ಧೈರ್ಯವಾಗಿ ಹೇಳಬಲ್ಲೆ.

ಆದರೆ ಪ್ರಾರ್ಥನೆಯಿಂದ ಬದಲಾಗುತ್ತದೆ ಎಂಬ ಮಾತನ್ನು ನಾನು ಅಲ್ಲಿಗೆ ಬಿಡಲಾರೆ. ಅಮೆರಿಕದಲ್ಲಿ ಎಕ್ಸೋಡಸ್ ಇಂಟರ್‌ನ್ಯಾಷನಲ್ ಎಂಬ ಕ್ರೈಸ್ತ ಸಂಸ್ಥೆ 1976ರಿಂದ ಇದೇ ಭರವಸೆ ಕೊಡುತ್ತ ಬಂದಿತ್ತು. 37 ವರ್ಷ ನಡೆಸಿದ ಮೇಲೆ 2013ರಲ್ಲಿ ಅದರ ಅಧ್ಯಕ್ಷ ಅಲನ್ ಚೇಂಬರ್ಸ್ ಕ್ಷಮೆ ಕೇಳಿದ, ಸಂಸ್ಥೆ ಬಾಗಿಲು ಮುಚ್ಚಿತು. ತಾನು ಕಂಡವರಲ್ಲಿ ಬಹುತೇಕ ಯಾರ ಒಲವೂ ಬದಲಾಗಿರಲಿಲ್ಲ ಎಂದು ಅವನೇ ಒಪ್ಪಿದ್ದ. ಸಲಿಂಗ ಒಲವು ಕಾಯಿಲೆಯಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಹೇಳಿತು. ಬದಲಾಯಿಸುತ್ತೇವೆ ಎಂದು ಚಿಕಿತ್ಸೆ ಕೊಡುವುದು ವೃತ್ತಿಯ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಘೋಷಿಸಿತು. ನಮ್ಮದೇ ಕಾಸರಗೋಡು ಜಿಲ್ಲೆಯ ಒಬ್ಬ ಕಾಲೇಜು ಹುಡುಗಿ, 21 ವರ್ಷ, ಮನೆಯವರು ಬಲವಂತವಾಗಿ ಇಂಥ ಚಿಕಿತ್ಸೆಗೆ ಹಾಕಿದರು ಎಂದು 2020ರಲ್ಲಿ ಫೇಸ್‌ಬುಕ್‌ನಲ್ಲಿ ಹೇಳಿಕೊಂಡಳು. ಎರಡು ತಿಂಗಳಲ್ಲಿ ತೀರಿಕೊಂಡಳು. ಅದರ ನಂತರ ಪ್ರಕರಣ ಹೈಕೋರ್ಟಿಗೆ ಹೋಯಿತು, ಇಂಥ ಚಿಕಿತ್ಸೆಗೆ ಕಡಿವಾಣ ಹಾಕುವ ಮಾರ್ಗಸೂಚಿ ಮಾಡಿ ಎಂದು ಕೋರ್ಟು 2021ರಲ್ಲಿ ಸರಕಾರಕ್ಕೆ ಹೇಳಿತು. ಅವಳು ಮುಸ್ಲಿಮಳಲ್ಲ, ಕ್ರೈಸ್ತಳೂ ಅಲ್ಲ. ಬದಲಾಯಿಸಲು ಕರೆದೊಯ್ಯುವ ಮನೆ ಎಲ್ಲ ಧರ್ಮದಲ್ಲೂ ಇದೆ ಎಂದು ಹೇಳಲು ಇದನ್ನು ಬರೆದೆ.

ಪಾಪವನ್ನು ಅಪರಾಧ ಮಾಡಿದ್ದು ಯಾರು ಎಂಬ ಮಾತೂ ಬಂತು. ಸೆಕ್ಷನ್ 377 ನಮ್ಮ ಮೌಲವಿಗಳೂ ಬರೆದದ್ದಲ್ಲ, ಇಲ್ಲಿಯ ಪಾದ್ರಿಗಳೂ ಬರೆದದ್ದಲ್ಲ. ಬ್ರಿಟಿಷರು 1860ರಲ್ಲಿ ದಂಡಸಂಹಿತೆಯೊಳಗೆ ಇಟ್ಟದ್ದು. ಅವರು ತಮ್ಮ ದೇಶದಲ್ಲಿ 1967ರಲ್ಲೇ ಇದನ್ನು ಸಡಿಲಿಸಿದರು, ಆಗ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮೈಕೆಲ್ ರ್‍ಯಾಮ್ಸಿಯೇ ಸಂಸತ್ತಿನಲ್ಲಿ ಅದನ್ನು ಬೆಂಬಲಿಸಿದರು. ಇದು ಪಾಪ ಎಂದೇ ಅವರು ನಂಬಿದ್ದರು, ಜೈಲಿಗೆ ಹಾಕಬೇಕಾದ ಅಪರಾಧ ಎಂದು ನಂಬಿರಲಿಲ್ಲ. ನಮ್ಮಲ್ಲಿ ಅದಕ್ಕೆ ಇನ್ನೂ 51 ವರ್ಷ ಬೇಕಾಯಿತು, 2018ರ ಸೆಪ್ಟೆಂಬರ್ 6ರವರೆಗೆ. ಅದಕ್ಕೂ ಮೊದಲು 2013ರಲ್ಲಿ ಸುಪ್ರೀಂ ಕೋರ್ಟ್ 377ನ್ನು ಉಳಿಸಿದಾಗ, ಉಳಿಸಿ ಎಂದು ಕೇಳಿಕೊಂಡವರಲ್ಲಿ ಮುಸ್ಲಿಂ ಪರ್ಸನಲ್ ಲಾ ಬೋರ್ಡೂ ಇತ್ತು, ಕೆಲವು ಕ್ರೈಸ್ತ ಸಭೆಗಳ ಕೂಟಗಳೂ ಇದ್ದವು. ಬೇರೆ ಯಾವ ಕೇಸಿನಲ್ಲಾದರೂ ಇವರನ್ನು ಒಂದೇ ಬದಿಯಲ್ಲಿ ಕೂರಿಸಿ ನೋಡೋಣ! ಮುಂಬೈಯ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್ ಮಾತ್ರ ಆಗಲೇ, ಸಭೆ ಇವರ ಮದುವೆಯನ್ನು ಒಪ್ಪುವುದಿಲ್ಲ, ಆದರೆ ಇವರನ್ನು ಎಂದೂ ಅಪರಾಧಿಗಳೆಂದು ಕಂಡಿಲ್ಲ ಎಂದರು. ಪೋಪ್ ಫ್ರಾನ್ಸಿಸ್ 2023ರ ಜನವರಿಯಲ್ಲಿ ಇದನ್ನೇ ಹೇಳಿದರು. ಪಾಪ ಬೇರೆ, ಅಪರಾಧ ಬೇರೆ, ಮತ್ತು ಒಬ್ಬರ ಮೇಲೊಬ್ಬರು ಪ್ರೀತಿ ಇಲ್ಲದಿರುವುದೂ ಪಾಪವೇ ಎಂದು.

ಇಷ್ಟಾಗುವ ಹೊತ್ತಿಗೆ ಮನೆಯವನು ಎದ್ದು ಬಾಗಿಲು ಎಳೆದು ಬಂದ. "ನನ್ನ ತಮ್ಮ" ಎಂದ. ಅಷ್ಟೇ ಸಾಕಾಯಿತು.

ತಮ್ಮ ಬೆಂಗಳೂರಿನಲ್ಲಿದ್ದಾನೆ. ಒಬ್ಬ ಸಂಗಾತಿಯ ಜೊತೆ ಆರು ವರ್ಷದಿಂದ ಒಂದೇ ಮನೆ. ಅಮ್ಮನಿಗೆ ಗೊತ್ತು, ಅಪ್ಪನಿಗೆ ಗೊತ್ತಿದ್ದೂ ಗೊತ್ತಿಲ್ಲ. ಪ್ರತಿ ನತಾಲಿಗೆ ಒಬ್ಬನೇ ಬರುತ್ತಾನೆ, ಎರಡು ರಾತ್ರಿ ಇರುತ್ತಾನೆ. ರಾತ್ರಿಯ ಮೀಸಾಕ್ಕೆ ಮನೆಯವರ ಜೊತೆ ಹೋಗುತ್ತಾನೆ, ಆದರೆ ಕುಮ್ಗಾರ್ ತೆಗೆದುಕೊಳ್ಳಲು ಎದ್ದು ಹೋಗುವುದಿಲ್ಲ. ಗಂಭೀರ ಪಾಪದಲ್ಲಿರುವವನು ಕುಮ್ಸಾರ್ ಮಾಡದೆ ಅದನ್ನು ತೆಗೆದುಕೊಳ್ಳಬಾರದು. ಕುಮ್ಸಾರ್ ಮಾಡಿದರೆ ಇನ್ನು ಹಾಗೆ ಬಾಳುವುದಿಲ್ಲ ಎಂದು ಮನಸ್ಸಿನಲ್ಲಾದರೂ ಮಾತು ಕೊಡಬೇಕು. ಸುಳ್ಳು ಹೇಳಲು ತಮ್ಮನಿಗೆ ಇಷ್ಟವಿಲ್ಲ. ಇಡೀ ಬೆಂಚು ಎದ್ದು ಸಾಲಿಗೆ ಹೋಗುವಾಗ ಅವನೊಬ್ಬ ಕೂತಿರುತ್ತಾನೆ. "ನನಗೆ ಪೋಪ್ ಏನು ಹೇಳಿದರು ಅಂತ ಬಾಯಿಪಾಠ ಉಂಟಲ್ಲ, ಯಾಕೆ ಅಂದ್ಕೊಂಡೆ? ಅಮ್ಮ ಆ ಹೊತ್ತಿಗೆ ತಲೆ ತಗ್ಗಿಸಿ ತಸ್ಬಿ ಹಿಡಿದ ಹಾಗೆ ಜಪಮಾಲೆ ಹಿಡಿದು ಕೂತಿರ್ತಾಳೆ. ಅದನ್ನು ನೋಡ್ಲಿಕ್ಕೆ ಆಗುವುದಿಲ್ಲ" ಎಂದ.

ಮಲಯಾಳಿ ಗೆಳೆಯ ಬಹಳ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ ತಮ್ಮನ ಆರೋಗ್ಯ ಹೇಗಿದೆ, ಕೆಲಸ ಎಲ್ಲಿ ಎಂದು ಕೇಳಿದ. ಅವನ ನಂಬಿಕೆ ಬದಲಾಗಿಲ್ಲ, ನಾನು ಆಮೇಲೆ ಕೇಳಿ ನೋಡಿದ್ದೇನೆ. ಆದರೆ ಪ್ರಾರ್ಥನೆಗೆ ಕರೆದುಕೊಂಡು ಬಾ ಎಂದು ಆ ದಿನ ಹೇಳಲಿಲ್ಲ.

ಜೀವನಪೂರ್ತಿ ಒಂಟಿಯಾಗಿರು ಎನ್ನುವುದು ಕ್ರೂರವಲ್ಲವೇ ಎಂದು ನಾನು ಕೇಳಿದೆ. ಇರಬಹುದು ಎಂದ. ಮತ್ತೆ ಅವನು ಹೇಳಿದ್ದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ತಮ್ಮನ ಮದುವೆ ಯಾವಾಗ ಎಂದು ನೆಂಟರು ಒಂದೆರಡು ವರ್ಷ ಕೇಳಿದರು, ಮತ್ತೆ ಬಿಟ್ಟರು. ಅವರ ವಾಡೆಯಲ್ಲೇ ಮದುವೆಯಾಗದ ಇಬ್ಬರು ಹಿರಿಯರಿದ್ದಾರೆ. ಮನೆತನದಲ್ಲಿ ಒಬ್ಬ ಪಾದ್ರಿ, ಇಬ್ಬರು ಸಿಸ್ಟರುಗಳು. ಮದುವೆಯಾಗದೆ ಉಳಿಯುವುದು ಅಲ್ಲಿ ಒಂದು ಮರ್ಯಾದೆಯ ಬದುಕು. ತಮ್ಮ ಸಭೆಯ ಮಾತು ಪಾಲಿಸಲಿ ಬಿಡಲಿ, ಅವನ ತಲೆಗೆ ಒಂದು ಹುಡುಗಿಯನ್ನು ಕಟ್ಟಬೇಕು ಎಂದು ಯಾರೂ ಹಟ ಹಿಡಿಯಲಿಲ್ಲ.

ನಮ್ಮಲ್ಲಿ?

ಮೂವತ್ತೈದು ದಾಟಿದ ಬ್ಯಾರಿ ಗಂಡಸು ಮದುವೆಯಾಗದೆ ನೆಮ್ಮದಿಯಾಗಿರುವುದನ್ನು ನೀವು ಎಲ್ಲಿಯಾದರೂ ಕಂಡಿದ್ದೀರಾ? ನಮ್ಮ ಉಪ್ಪನ ಅಂಗಡಿಯ ಬೆಂಚಿನಲ್ಲಿ ಒಬ್ಬನ ಮದುವೆ ತಡವಾದರೆ ಮೊದಲು ಸಾಲ ಉಂಟಾ ಎಂದು ಮಾತು, ಆಮೇಲೆ ಕಾಯಿಲೆ ಉಂಟಾ ಎಂದು, ಆಮೇಲೆ ಧ್ವನಿ ತಗ್ಗಿಸಿ ಇನ್ನೊಂದು ಮಾತು. ಆ ಇನ್ನೊಂದು ಮಾತು ಹೊರಬಿದ್ದರೆ ಸಾಕು, ಮನೆಯವರು ತಿಂಗಳೊಳಗೆ ಹೆಣ್ಣು ಹುಡುಕುತ್ತಾರೆ. ಮದುವೆ ಮಾಡಿದರೆ ಸರಿಯಾಗುತ್ತಾನೆ ಎನ್ನುತ್ತಾರೆ. ಅವನು ಸರಿಯಾಗುವುದಿಲ್ಲ, ಗಲ್ಫಿಗೆ ಹೋಗುತ್ತಾನೆ. ಹುಡುಗಿ ಅತ್ತೆ ಮನೆಯಲ್ಲಿರುತ್ತಾಳೆ. ಎರಡು ವರ್ಷಕ್ಕೊಮ್ಮೆ ಬಂದು ಹೋಗುವ ಗಂಡ, ಬಂದಾಗಲೂ ಮಾತಿಲ್ಲದ ಗಂಡ. ಅವಳು ತವರಿಗೆ ಬಂದು ಕೂತರೆ ಅದೇ ಬೆಂಚು ಅವಳ ತಪ್ಪು ಹುಡುಕುತ್ತದೆ. ಇಂಥ ಮದುವೆಯ ಕತೆ ಕೇಳದ ಊರು ನಮ್ಮ ಕಡೆ ಇದೆಯೇ, ನೀವೇ ಯೋಚಿಸಿ. ಕ್ಯಾಥೊಲಿಕ್ ಸಭೆಯ ಕಾನೂನಿನಲ್ಲಿ ಇಂಥದ್ದನ್ನು ಮುಚ್ಚಿಟ್ಟು ಮೋಸದಿಂದ ಮದುವೆಯಾದರೆ ಅದು ಮದುವೆಯೇ ಅಲ್ಲ ಎಂದು ಕೇಳಿಕೊಳ್ಳಲು ದಾರಿ ಇದೆ. ನಮ್ಮಲ್ಲೂ ಖುಲಾ ಇದೆ, ಫಸಖ್ ಇದೆ. ಆದರೆ ಕಾರಣ ಏನು ಎಂದು ಹತ್ತು ಗಂಡಸರ ಮುಂದೆ ಬಾಯಿ ಬಿಟ್ಟು ಹೇಳಬೇಕಾದವಳು ಆ ಹುಡುಗಿ.

ನಮ್ಮಲ್ಲಿ ಇಂಥದ್ದೆಲ್ಲ ಇಲ್ಲ ಎಂದವರಿಗೆ ಇಷ್ಟು ಹೇಳುತ್ತೇನೆ. 2022ರ ಮೇ 31ರಂದು ಕೇರಳ ಹೈಕೋರ್ಟ್ ಒಟ್ಟಿಗೆ ಬಾಳಬಹುದು ಎಂದು ಬಿಟ್ಟುಕಳುಹಿಸಿದ ಇಬ್ಬರು ಹುಡುಗಿಯರು, ಆದಿಲ ನಸ್ರಿನ್ ಮತ್ತು ಫಾತಿಮಾ ನೂರಾ, ಹೆಸರಿನಲ್ಲೇ ಗೊತ್ತಾಗುವ ಹಾಗೆ ಮುಸ್ಲಿಂ ಮನೆಯವರು. ಅವರ ಬದುಕನ್ನು ನಾನು ಸರಿ ಎಂದು ಹೇಳಲು ಬಂದಿಲ್ಲ. ಹರಾಮನ್ನು ಹಲಾಲ್ ಮಾಡುವ ಅಧಿಕಾರ ನನಗಿಲ್ಲ, ಆ ಆಸೆಯೂ ಇಲ್ಲ. ಇಲ್ಲ ಎಂದು ಕಣ್ಣು ಮುಚ್ಚುವುದಕ್ಕೂ ದೀನಿಗೂ ಸಂಬಂಧವಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಮರುವಾರ ಪರಿಚಯದ ಒಬ್ಬ ಉಸ್ತಾದರ ಹತ್ತಿರ ಹೋಗಿ ಕೂತೆ. ಯಾರ ಸುದ್ದಿಯೂ ಹೇಳದೆ ಕೇಳಿದೆ. ಕ್ರಿಯೆ ದೊಡ್ಡ ಪಾಪ, ಅದರಲ್ಲಿ ನಮ್ಮ ಇಮಾಮರಲ್ಲಿ ಎರಡು ಮಾತಿಲ್ಲ ಎಂದರು. ಮನಸ್ಸಿನಲ್ಲಿ ಬರುವುದಕ್ಕೆ, ಅದನ್ನು ತಡೆದುಕೊಂಡು ಬಾಳುವವನಿಗೆ, ಪಾಪ ಬರೆಯಲಾಗುವುದಿಲ್ಲ ಎಂದರು. ಮತ್ತೆ ಅವರೇ ಸೂರತುಲ್ ಹುಜುರಾತ್‌ನ 12ನೆಯ ಆಯತ್ತಿಗೆ ಬಂದರು. ಗುಮಾನಿ, ಇನ್ನೊಬ್ಬರ ಗುಟ್ಟು ಕೆದಕುವುದು, ಬೆನ್ನ ಹಿಂದೆ ಆಡಿಕೊಳ್ಳುವುದು, ಮೂರನ್ನೂ ಒಂದೇ ಉಸಿರಿನಲ್ಲಿ ತಡೆಯುವ ಆಯತ್ತು. "ಬೆಂಚಿನಲ್ಲಿ ಕೂತವರು ಮೂರನ್ನೂ ಮಾಡುತ್ತಾರೆ, ಮತ್ತೆ ಎದ್ದು ಅಸರಿಗೆ ಬರುತ್ತಾರೆ" ಎಂದು ನಕ್ಕರು.

ಮದುವೆ ಬೇಡ ಎನ್ನುವ ಗಂಡಸನ್ನು ಏನು ಮಾಡಬೇಕು ಎಂದು ಕೇಳಿದೆ. ಮದುವೆ ಸುನ್ನತ್ತು, ಆದರೆ ಎಲ್ಲರಿಗೂ ಒಂದೇ ಹುಕುಂ ಅಲ್ಲ. ನಮ್ಮ ಶಾಫಿಈ ಕಿತಾಬುಗಳಲ್ಲಿ ಆಸೆಯೂ ಶಕ್ತಿಯೂ ಇಲ್ಲದವನಿಗೆ ಅದು ಬೇಡ ಎಂದೇ ಇದೆ. ಹೆಣ್ಣಿನ ಹಕ್ಕು ಸಲ್ಲಿಸಲಾರೆ ಎಂದು ಗೊತ್ತಿದ್ದೂ ನಿಕಾಹ್ ಕೂರುವವನು ಅವಳಿಗೆ ಅನ್ಯಾಯ ಮಾಡುತ್ತಾನೆ, ಕೂರಿಸುವವರೂ ಅದರಲ್ಲಿ ಪಾಲುದಾರರು ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಇಮಾಂ ನವವಿ ಮದುವೆಯಾಗಿರಲಿಲ್ಲ, ಗೊತ್ತುಂಟಾ?" ಎಂದು ಕೇಳಿದರು. ಗೊತ್ತಿರಲಿಲ್ಲ. ನಮ್ಮ ಮಸೀದಿಗಳಲ್ಲಿ ದರ್ಸಿಗೆ ಕೂರುವ ಮಕ್ಕಳು ಓದುವುದು ಅವರ ಕಿತಾಬನ್ನೇ. ಅವರು ಇಲ್ಮಿಗಾಗಿ ಹಾಗೆ ಬಾಳಿದವರು, ಆ ಹೆಸರನ್ನು ಈ ವಿಷಯದ ಜೊತೆ ಬೆರೆಸುವುದು ತಪ್ಪಾಗುತ್ತದೆ. ಮದುವೆಯಾಗದೆಯೂ ಒಬ್ಬ ಮುಸ್ಲಿಂ ಮರ್ಯಾದೆಯಿಂದ ಬಾಳಿ ಹೋದದ್ದು ಉಂಟು ಎಂಬಷ್ಟಕ್ಕೆ ಮಾತ್ರ ಉಸ್ತಾದರು ಅದನ್ನು ಹೇಳಿದ್ದು, ನಾನೂ ಅಷ್ಟಕ್ಕೇ ಬರೆಯುತ್ತಿದ್ದೇನೆ.

ಇದನ್ನೆಲ್ಲ ಉಮ್ಮನಿಗೆ ಹೇಳಿದ್ದು ಒಂದು ಸಂಜೆ, ಅವರು ಮಗ್ರಿಬ್ ಮುಗಿಸಿ ಮುಸಲ್ಲ ಮಡಚುತ್ತಿದ್ದಾಗ. ಕ್ಯಾಟೆಕಿಸಂ, 377, ಇಮಾಂ ನವವಿ ಯಾವುದೂ ಅವರಿಗೆ ಬೇಕಿರಲಿಲ್ಲ.

"ಆ ಹುಡುಗ ಉಮ್ಮನ ಮನೆಗೆ ಬರುತ್ತಾನಾ?"

ವರ್ಷಕ್ಕೆ ಎರಡು ದಿನ ಬರುತ್ತಾನೆ ಎಂದೆ.

"ಉಳಿದ ದಿನ ಜ್ವರ ಬಂದರೆ ಯಾರು ನೋಡಿಕೊಳ್ಳುತ್ತಾರೆ?"

ಜೊತೆಗಿರುವವನು ಎಂದೆ. ಉಮ್ಮ ಅದಕ್ಕೆ ಏನೂ ಹೇಳಲಿಲ್ಲ. ಅಸ್ತಗ್‌ಫಿರುಲ್ಲಾಹ್ ಎಂದು ಒಮ್ಮೆ ಹೇಳಿಕೊಂಡರು, ಯಾರ ಬಗ್ಗೆ ಎಂದು ನಾನು ಕೇಳಲಿಲ್ಲ. ಇದನ್ನು ಬರೆಯುತ್ತೇನೆ ಎಂದಾಗ ಬೇಡ, ಜನ ಏನು ಹೇಳುತ್ತಾರೆ ಎಂದರು. ಮರುದಿನ ಬೆಳಿಗ್ಗೆ ಚಾಯ ಕೊಡುವಾಗ ಅವರೇ ಮಾತು ತೆಗೆದು, "ಬರೆಯುವುದಾದರೆ ಬರಿ, ಆ ಹುಡುಗನ ಊರಿನ ಹೆಸರು ಮಾತ್ರ ಹಾಕಬೇಡ" ಎಂದರು.

ಹಾಕಿಲ್ಲ.